ಗೂಟದ ಬಾಳಪ್ಪನ ಬರೇ ಪಟ್ಟಿ

ನನ್ನ ಸೋದರಮಾವ ಬಾಳಪ್ಪನವರನ್ನು ಖಾನಾಪುರ ತಾಲ್ಲೂಕಿನ ರೈತರು ‘ಗೂಟದ ಸಾಹೇಬ’ ಎಂದು ಕರೆಯುತ್ತಿದ್ದರು. ಕೃಷಿ ಇಲಾಖೆಯಲ್ಲಿ ಅವರೇನು ದೊಡ್ಡ ಸಾಹೇಬರಲ್ಲ, ಕ್ಷೇತ್ರ ಸಹಾಯಕರು. ಮೂವತ್ತನಾಲ್ಕು ವರ್ಷ ಬೆಳಗಾವಿಯಲ್ಲಿ ಬೆಳಗಿನ ರೈಲು ಹತ್ತಿ, ದೇಸೂರ ದಾಟಿ ಖಾನಾಪುರದಲ್ಲಿ ಇಳಿದು, ಹೆಗಲ ಚೀಲದಲ್ಲಿ ಬಿದಿರಿನ ಗೂಟ, ಸುತಳಿ ಹೊತ್ತು ಭತ್ತದ ಗದ್ದೆಗಳ ಬದುವಿನ ಮೇಲೆ ಓಡಾಡಿದವರು. ಹೊಸ ಗೊಬ್ಬರ ಬಂದಿದೆ, ಬಹಳ ಚಲೋ ಅಂತೆ ಎಂದು ಯಾರಾದರೂ ಹೇಳಿದರೆ ಸಾಕು, ಗದ್ದೆಯಲ್ಲಿ ಗೂಟ ಬಡಿದು ಪಟ್ಟಿ ಪಟ್ಟಿ ಮಾಡಿಬಿಡುತ್ತಿದ್ದರು. ಒಂದು ಪಟ್ಟಿಗೆ ಹೊಸ ಗೊಬ್ಬರ, ಒಂದಕ್ಕೆ ಹಳೆಯದು, ಇನ್ನೊಂದಕ್ಕೆ ಏನೂ ಇಲ್ಲ. ಆ ಏನೂ ಹಾಕದ್ದಕ್ಕೆ ಅವರು ಇಟ್ಟ ಹೆಸರು ‘ಬರೇ ಪಟ್ಟಿ’.

“ಬರೇ ಪಟ್ಟಿ ಬಿಡದ ಹೇಳಿದ ಮಾತು ಬರೇ ಮಾತು,” ಎನ್ನುವುದು ಅವರ ಮಂತ್ರ. ಮನೆಯಲ್ಲೂ ಅದೇ ಪಾಠ. ನನ್ನ ತಂಗಿ ಒಮ್ಮೆ ಯಾವುದೋ ಎಣ್ಣೆ ಹಚ್ಚಿ ಕೂದಲು ದಟ್ಟವಾಯಿತು ಎಂದು ಕುಣಿದಾಡಿದಾಗ, “ಅರ್ಧಾ ತಲಿಗಿ ಹಚ್ಚಿ, ಅರ್ಧಾ ಬಿಟ್ಟು ನೋಡಿದಿ ಏನು?” ಎಂದು ಕೇಳಿದ್ದರು. ಅವಳು ಒಂದು ತಿಂಗಳು ಮಾತು ಬಿಟ್ಟಿದ್ದಳು.

ರೈತರಿಗೆ ಈ ಬರೇ ಪಟ್ಟಿ ಎಂದರೆ ಆಗುತ್ತಿರಲಿಲ್ಲ. ಕಣ್ಣೆದುರಿಗೇ ಪೈರು ಹಳದಿಯಾಗಿ ಸೊರಗುವುದನ್ನು ಯಾರು ನೋಡುತ್ತಾರೆ? ಖಾನಾಪುರದ ಆಚೆ ಭರಮವ್ವ ಎಂಬ ಹೆಣ್ಣುಮಗಳ ಗದ್ದೆಯಲ್ಲಿ ಒಂದು ವರ್ಷ ಬರೇ ಪಟ್ಟಿಯೇ ಎಲ್ಲಕ್ಕಿಂತ ಹೆಚ್ಚು ಭತ್ತ ಕೊಟ್ಟಿತು. ಮಾಮಾ ತಲೆ ಕೆಡಿಸಿಕೊಂಡು ವಿಚಾರಿಸಿದರೆ ಆಕೆ ಸೆರಗು ಬಾಯಿಗಿಟ್ಟುಕೊಂಡು ನಿಂತಳಂತೆ. “ಒಬ್ಬ ಮಗಗ ಉಣಿಸಿ ಇನ್ನೊಬ್ಬನ್ನ ಉಪಾಸ ಕೆಡವಿದಂಗ ಆಗಿತ್ತರೀ ಸಾಹೇಬ್ರ. ದಿನಾ ಸಂಜಿಕ ಒಂದೊಂದ ಬುಟ್ಟಿ ತಿಪ್ಪಿಗೊಬ್ಬರ ಹಾಕಿ ಬರತಿದ್ದೆ.” ಮಾಮಾ ಇಲಾಖೆಯ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆದರು: ‘ಪ್ರಯೋಗ ರದ್ದು. ಕಾರಣ: ಮಾಲಕಿಯ ಕರುಣೆ.’ ಮೇಲಿನವರು ಕರೆದು ಉಗಿದರು. ಆದರೂ ಆ ಸಾಲನ್ನು ಅವರು ತಿದ್ದಲಿಲ್ಲ.

ಇಂಥ ಮನುಷ್ಯ ಅರವತ್ತೆಂಟನೇ ವಯಸ್ಸಿಗೆ, ಒಂದು ಹಸಿರು ಡಬ್ಬಿಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡು ಓಡಾಡುವ ಗತಿ ಬಂತಲ್ಲ, ಅದನ್ನೇ ನಾನು ಹೇಳಹೊರಟಿದ್ದು.

ನಾನು ನಾಗರತ್ನಾ. ಖಾಸಬಾಗದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಮಾಮಾನ ಮನೆ ಹಿಂದಿನ ಓಣಿಯಲ್ಲೇ. ನನಗೆ ಸಿಟ್ಟು ಮೂಗಿನ ಮೇಲೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಗೆಯೇ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ನರಕ್ಕೆ ಶಕ್ತಿ, ಮೆದುಳಿಗೆ ಶಕ್ತಿ ಎಂದು ಬರೆದ ಡಬ್ಬಿಗಳು ನನ್ನ ಅಂಗಡಿಯ ಕಪಾಟಿನಲ್ಲೂ ಸಾಲಾಗಿ ನಿಂತಿವೆ. ಗಿರಾಕಿ ಕೇಳುತ್ತಾನೆ, ನಾನು ಕೊಡುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಮೂರು ವರ್ಷದ ಹಿಂದೆ ಮಾಮಾನ ಎಡಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಅಂಗೈ. ನರರೋಗ ತಜ್ಞ ಡಾಕ್ಟರ್ ಶಶಿಧರ ನೋಡಿ ಪಾರ್ಕಿನ್ಸನ್ ಎಂದರು. ದಿನಕ್ಕೆ ಮೂರು ಹೊತ್ತು ಗುಳಿಗೆ ಬರೆದುಕೊಟ್ಟರು. ಈ ಗುಳಿಗೆ ರೋಗವನ್ನು ವಾಸಿ ಮಾಡುವುದಿಲ್ಲ, ಕೈಕಾಲು ಹಿಡಿತಕ್ಕೆ ಬರುವಂತೆ ಮಾಡುತ್ತದೆ ಎಂದೂ ತಿಳಿಸಿ ಹೇಳಿದರು. ಮಾಮಾ ಧೈರ್ಯದಿಂದಲೇ ಕೇಳಿಸಿಕೊಂಡರು. ಬರೆಯುವ ಕೈ ಬಲಗೈ, ಉಣ್ಣುವ ಕೈ ಬಲಗೈ, ಎಡಗೈ ನಡುಗಿದರೆ ನಡುಗಲಿ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡೆವು. ಎಂಥಾ ಮೂರ್ಖರು ನಾವು! ಲಿಂಗ ಹಿಡಿಯುವ ಕೈ ಯಾವುದು ಎಂಬುದು ಅದೇ ಮನೆತನದವಳಾದ ನನಗೇ ಹೊಳೆಯಲಿಲ್ಲ.

ಮಾಮಾನಿಗೆ ಎಂಟನೇ ವಯಸ್ಸಿಗೆ ದೀಕ್ಷೆಯಾಗಿತ್ತು. ಅಂದಿನಿಂದ ಅರವತ್ತು ವರ್ಷ, ದಿನಾ ಬೆಳಿಗ್ಗೆ ಆರು ಗಂಟೆಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಎದೆಯ ಮೇಲಿನ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಅದರ ಮೇಲೆ ಕಣ್ಣು ನೆಟ್ಟು ಕೂಡುವವರು. ಆ ಪೂಜೆಯಾಗುವ ತನಕ ಬಾಯಿಗೆ ಒಂದು ಹನಿ ನೀರೂ ಇಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಲಿಂಗ ಆ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಇದನ್ನು ನನಗೆ ಹೇಳಿದ್ದು ಶಿವಲಿಂಗವ್ವ ಅತ್ತೆ, ಮಾಮಾನ ಹೆಂಡತಿ. ಅಂಗಡಿಗೆ ಬಂದವರು ಗಿರಾಕಿಗಳು ಹೋಗುವ ತನಕ ಸುಮ್ಮನೆ ಬಾಜು ನಿಂತಿದ್ದರು. “ಎರಡ ದಿನಾ ಆತು ನಾಗವ್ವ, ಅನ್ನಾ ಮುಟ್ಟಿಲ್ಲ. ಹಳೇ ಕಾಲದಾಗ ಲಿಂಗಾ ಬಿದ್ರ ಜೀವಾನ ಬಿಡತಿದ್ರಂತ. ಅದನ್ನ ನೆನಸಿಕೊಂಡ ಕುಂತಾರ.”

ಓಡಿ ಹೋದೆ. ಮಾಮಾ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದರು. ಮಠದ ಅಪ್ಪಗಳು ಆಗಲೇ ಹೇಳಿ ಕಳಿಸಿದ್ದರು: ಕೈ ಆಗದಿದ್ದರೆ ಪೀಠದ ಮೇಲಿಟ್ಟು ಪೂಜೆ ಮಾಡಿರಿ, ಯಾವ ದೋಷವೂ ಇಲ್ಲ. ಅದನ್ನೇ ನಾನೂ ಹೇಳಿದೆ.

“ಪೀಠದ ಮ್ಯಾಲ ಇಟ್ರ ಅದು ಗುಡಿ ದೇವರ ಆಕ್ಕೈತಿ ನಾಗೀ,” ಎಂದರು. “ಕೈಯಾಗ ಇದ್ರ ನನ್ನದು. ನಾ ಬಾಕಿ ಏನ ಬೇಕಾದ್ರೂ ಬಿಡತೀನಿ. ಇದೊಂದ ಬಿಡಾಕ ಆಗೂದಿಲ್ಲ.” ಅವರು ಅತ್ತದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಅಂತೂ ಅತ್ತೆ ಕೈಕಾಲು ಹಿಡಿದು ಉಣ್ಣಿಸಿದರು. ಮಾಮಾ ಸಣ್ಣ ಮಣೆಯ ಮೇಲೆ ಲಿಂಗವಿಟ್ಟು ಪೂಜೆ ಮಾಡತೊಡಗಿದರು. ಎಡಗೈ ಮಾತ್ರ ಖಾಲಿಯಾಗಿ ತೊಡೆಯ ಮೇಲೆ ನಡುಗುತ್ತ ಬಿದ್ದಿರುತ್ತಿತ್ತು. ಅತ್ತೆಗೆ ಒಂದೇ ಯೋಚನೆ, ಮೈಯಲ್ಲಿ ಶಕ್ತಿ ಇಲ್ಲದ್ದಕ್ಕೇ ಕೈ ಸೋತಿದೆ. ಪೂಜೆ ಮುಗಿಯುವುದರೊಳಗೆ ತಾಟು ತಯಾರು: ಬಿಸಿ ರೊಟ್ಟಿ, ಮಡಿಕೆಕಾಳಿನ ಪಲ್ಯ, ದೊಡ್ಡ ಲೋಟದ ತುಂಬ ಎಮ್ಮೆ ಹಾಲು. ಆ ಹಾಲಿನ ಜೊತೆಗೇ ಗುಳಿಗೆ.

ಹಸಿರು ಡಬ್ಬಿ ಬಂದದ್ದು ಈ ಹೊತ್ತಿನಲ್ಲಿ. ತಂದವನು ಪಕ್ಕದ ಮನೆಯ ಬೀರೇಶ. ಮಚ್ಛೆಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಬಿಡುವಿನಲ್ಲಿ ಇಂಥ ಪುಡಿ ಮಾರುತ್ತಾನೆ. ಕೆಟ್ಟವನಲ್ಲ, ತಾನು ಹೇಳುವುದನ್ನು ತಾನೇ ನಂಬಿದವನು. “ನಮ್ಮ ದೊಡ್ಡಪ್ಪಗ ಹದಿನೈದ ದಿನದಾಗ ಗುಣಾ ಬಂತ್ರೀ ಕಾಕಾ. ಕೈ ಕಲ್ಲ ನಿಂತಂಗ ನಿಂತೈತಿ.” ಮಾಮಾ ಡಬ್ಬಿ ತಗೊಂಡರು. ನನಗೆ ಹೇಳಲಿಲ್ಲ. ಹತ್ತು ದಿನದ ಮೇಲೆ ನಾನೇ ಅವರ ಪಂಚೆಯ ಮಡಿಕೆಯಲ್ಲಿ ಅದನ್ನು ಕಂಡು ಕೂಗಾಡಿದೆ.

“ಏನ ಮಾಮಾ, ಬರೇ ಪಟ್ಟಿ ಎಲ್ಲಿ ಹೋತರೀ? ಊರ ಮಂದಿಗೆಲ್ಲಾ ಬುದ್ಧಿ ಹೇಳಿ ಈಗ ಬೀರೇಶನ ದೊಡ್ಡಪ್ಪನ್ನ ನಂಬತೀರಿ?”

“ಮುಳಗಾವಗ ಹುಲ್ಲಕಡ್ಡಿನೂ ಆಸರ ನಾಗೀ. ನೀ ಮುಳಗಿಲ್ಲ, ಬಾಯಿ ಜೋರ ಮಾಡತಿ.”

ಆ ಮಾತು ನಾಟಿತು. ಸಿಟ್ಟು ಇಳಿಯಿತು ಅಂತಲ್ಲ, ಅದರ ಜಾಗದಲ್ಲಿ ನಾಚಿಕೆ ಬಂತು. ಸಂಜೆ ಫೋನು ಹಿಡಿದು ಅವರ ಬಾಜುವೇ ಕುಳಿತೆ. ನನ್ನ ಅಂಗಡಿಯಲ್ಲೇ ಇರುವ, ಜೀವಕೋಶಕ್ಕೆ ಬಲ ಕೊಡುತ್ತದೆಂದು ಹೆಸರಾದ ಒಂದು ಗುಳಿಗೆಯ ಕಥೆ ಓದಿ ಹೇಳಿದೆ. ಅಮೆರಿಕ, ಕೆನಡಾಗಳಲ್ಲಿ ಪಾರ್ಕಿನ್ಸನ್ ಬಂದ ಆರುನೂರು ಮಂದಿಯನ್ನು ಸೇರಿಸಿ, ಕೆಲವರಿಗೆ ಆ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಖಾಲಿ ಗುಳಿಗೆ ಕೊಟ್ಟರು. ಯಾರಿಗೆ ಯಾವುದು ಎಂಬುದು ಕೊಟ್ಟ ಡಾಕ್ಟರಿಗೂ ಗೊತ್ತಿಲ್ಲ. ಕೊನೆಗೆ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವಿಲ್ಲ, ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು.

ಮಾಮಾ ಕಣ್ಣು ಮುಚ್ಚಿ ಕೇಳುತ್ತಿದ್ದವರು ನೆಟ್ಟಗೆ ಕುಳಿತರು. “ಖಾಲಿ ಗುಳಿಗಿ ತಗೊಂಡವ್ರಿಗೂ ಕೈ ನಡಗತಿತ್ತೇನು?”

“ಹೌದರೀ, ಎಲ್ಲಾರಿಗೂ ಅದ ಬ್ಯಾನಿ.”

“ಮತ್ತ ತಮಗ ಖಾಲಿ ಬರಬಹುದು ಅಂತ ಗೊತ್ತಿದ್ದೂ ಒಪ್ಪಿಕೊಂಡ್ರು?”

“ಸಹಿ ಮಾಡಿ ಒಪ್ಪಿಕೊಂಡಾರ.”

ಮಾಮಾ, “ಗದ್ದಿ ಆದ್ರ ಮಣ್ಣು, ಕೇಳೂದಿಲ್ಲ. ಇವ್ರು ಮನಷ್ಯಾರು. ತಾವ ಬರೇ ಪಟ್ಟಿ ಆಗಿ ನಿಂತಾರ ನಮ್ಮಂಥವರ ಸಲುವಾಗಿ. ಅವ್ರಿಗೆ ಶರಣ ಮಾಡಬೇಕ,” ಎಂದು ಎರಡೂ ಕೈ ಎತ್ತಿದರು. ಬಲಗೈ ನಿಂತಿತ್ತು, ಎಡಗೈ ಅದರ ಪಕ್ಕದಲ್ಲಿ ಬಡಿದಾಡುತ್ತಿತ್ತು. ನನಗೆ ಅಳು ಬಂದು ಒಳಗೆ ನೀರು ಕುಡಿಯಲು ಹೋದೆ.

ಮರುದಿನ ಅವರೇ ಒಂದು ಯೋಜನೆ ಹಾಕಿಕೊಂಡು ಅಂಗಡಿಗೆ ಬಂದರು. ಈ ಪುಡಿಯನ್ನು ಯಾರೂ ಪರೀಕ್ಷೆ ಮಾಡಿಲ್ಲ ತಾನೇ, ಹಾಗಾದರೆ ನಾವೇ ಮಾಡೋಣ. ಇರುವುದು ಒಂದೇ ಮೈ, ಪಟ್ಟಿ ಕತ್ತರಿಸಲು ಬರುವುದಿಲ್ಲ, ಅದಕ್ಕೆ ದಿನಗಳನ್ನೇ ಪಟ್ಟಿ ಮಾಡೋಣ. ನಾನು ಐವತ್ತಾರು ದಿನಕ್ಕೆ ಐವತ್ತಾರು ಪೊಟ್ಟಣ ಕಟ್ಟಬೇಕು. ಅರ್ಧದಲ್ಲಿ ಪುಡಿ, ಅರ್ಧದಲ್ಲಿ ಹುರಿದ ಗೋಧಿಹಿಟ್ಟಿಗೆ ಚೂರು ಶುಂಠಿ, ಅರಿಶಿನ ಬೆರೆಸಿದ್ದು. ಮೇಲೆ ಬರೀ ಅಂಕಿ. ಯಾವುದರಲ್ಲಿ ಏನಿದೆ ಎಂಬ ಚೀಟಿ ಲಕೋಟೆಯಲ್ಲಿ ಭದ್ರವಾಗಿ ನನ್ನ ಹತ್ತಿರ.

ನಾನು ಮೊದಲು ಮಾಮಾನನ್ನು ಕರೆದುಕೊಂಡು ಹೋಗಿ ಡಬ್ಬಿಯನ್ನು ಡಾಕ್ಟರ್ ಶಶಿಧರರ ಮುಂದೆ ಇಟ್ಟೆ. ಅವರು ಅದರ ಮೇಲಿನ ಚೀಟಿಯನ್ನು ಎರಡು ಸಲ ಓದಿದರು. ಇಂಥ ಕೆಲವು ಪುಡಿಗಳಲ್ಲಿ ನಸುಗುನ್ನಿ ಬೀಜ ಇರುತ್ತದೆ, ನಮ್ಮ ಗುಳಿಗೆಯಲ್ಲಿರುವ ಔಷಧವೇ ಅದರಲ್ಲೂ ಇರುವುದರಿಂದ ಎರಡೂ ಕೂಡಿದರೆ ಅಪಾಯ ಎಂದರು. ಇದರಲ್ಲಿ ಆ ಹೆಸರು ಇಲ್ಲ, ಆದರೆ ಯಾವುದು ಎಷ್ಟಿದೆ ಎಂದೂ ಬರೆದಿಲ್ಲ, ನಾನಂತೂ ತಗೊಳ್ಳಿರಿ ಎನ್ನುವುದಿಲ್ಲ ಎಂದರು. “ತಗೊಂಡೇ ತಗೋತೀನಿ ಅಂದ್ರ ಗುಳಿಗಿ ಒಂದೂ ಬಿಡಬ್ಯಾಡ್ರಿ. ತಲಿ ಸುತ್ತು ಬಂದ್ರ ಪುಡಿ ಅವತ್ತ ಬಂದ್.” ಮಾಮಾ ಒಪ್ಪಿದರು.

ಅಳತೆಯನ್ನೂ ಅವರೇ ಕಂಡುಹಿಡಿದರು. ಬೆಳಿಗ್ಗೆ ಒಂಬತ್ತಕ್ಕೆ ಒಂದು ಸ್ಟೀಲಿನ ವಾಟಿಯಲ್ಲಿ ಅಂಚಿನ ತನಕ ನೀರು ತುಂಬಿ ಎಡ ಅಂಗೈಯಲ್ಲಿಟ್ಟುಕೊಂಡು ನೂರು ಎಣಿಸುವುದು. ಕೆಳಗಿನ ಪರಾತದಲ್ಲಿ ಚೆಲ್ಲಿದ ನೀರನ್ನು ನಾನು ಕೊಟ್ಟ ಸೂಜಿ ಇಲ್ಲದ ಸಿರಿಂಜಿನಿಂದ ಎಳೆದು ಎಷ್ಟು ಎಂ.ಎಲ್. ಎಂದು ವಹಿಯಲ್ಲಿ ಬರೆಯುವುದು. ಆಷಾಢದಲ್ಲಿ ಶುರುವಾಯಿತು. ಶ್ರಾವಣ ಪೂರ್ತಿ ನಡೆಯಿತು. ಪೊಟ್ಟಣವನ್ನು ಜೇನುತುಪ್ಪದಲ್ಲಿ ಕಲಸಿ ಕೊಡುವ ಕೆಲಸ ಅತ್ತೆಯದು. ಚೆಲ್ಲಿದ ನೀರು ಒಂದು ದಿನ ಇಪ್ಪತ್ತೆರಡು, ಇನ್ನೊಂದು ದಿನ ಹತ್ತೊಂಬತ್ತು, ಮತ್ತೊಂದು ದಿನ ಬರೀ ಐದು. ಐದು ಬಂದ ದಿನ ಮಾಮಾ ಹುಡುಗರ ಹಾಗೆ ಹಿಗ್ಗಿ ಅಂಗಡಿಯ ತನಕ ಬರುತ್ತಿದ್ದರು. “ಇವತ್ತಿಂದು ಖರೇ ಪುಡಿ ಇರಬೇಕ ನಾಗೀ!” ನಾನು ತುಟಿ ಬಿಚ್ಚುತ್ತಿರಲಿಲ್ಲ.

ಗಣಪತಿ ಕಳಿಸಿದ ಮೇಲಿನ ರವಿವಾರ ಲಕೋಟೆ ಒಡೆದೆವು. ಪುಡಿಯ ದಿನಗಳನ್ನು ಒಂದು ಕಡೆ, ಹಿಟ್ಟಿನ ದಿನಗಳನ್ನು ಒಂದು ಕಡೆ ಬರೆದು ಕೂಡಿಸಿ ಭಾಗಿಸಿದೆ. ಪುಡಿಯ ದಿನ ಚೆಲ್ಲಿದ್ದು ಸರಾಸರಿ ಹದಿನೆಂಟು. ಹಿಟ್ಟಿನ ದಿನವೂ ಹದಿನೆಂಟು.

“ಸಮಾ ಸಮ,” ಎಂದರು ಮಾಮಾ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. “ಆತು. ಪುಡಿದ ಮಾತು ಮುಗೀತು. ಇನ್ನ ಲಿಂಗಕ್ಕ ಮಣಿನ ಗತಿ.”

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಅಲ್ಲೇ ಕುಸಿದು ಕುಳಿತುಬಿಟ್ಟರು. “ಹಂಗ ಅನಬ್ಯಾಡ್ರಿ. ಲೆಕ್ಕಾನ ಸುಳ್ಳ ಐತಿ. ಪುಡಿದ ತಪ್ಪಿಲ್ಲರೀ, ತಪ್ಪು ನಂದು.”

ಅವರು ಅಳುತ್ತಾ ಹೇಳಿದ್ದು ಇಷ್ಟು. ಮೊದಲನೆಯ ದಿನವೇ ಹಿಟ್ಟಿನ ಪೊಟ್ಟಣ ಬಿಚ್ಚಿದಾಗ ಅವರಿಗೆ ಗೊತ್ತಾಗಿಬಿಟ್ಟಿತ್ತು. “ನಲವತ್ತ ವರ್ಷ ಹಿಟ್ಟ ಹುರದಾಕಿಗಿ ಗೋಧಿ ವಾಸನಿ ತಿಳಿಯೂದಿಲ್ಲೇನ?” ಗಂಡನ ಕೈ ನಡುಗುತ್ತಿರುವಾಗ ಔಷಧ ಎಂದು ಬರೀ ಹಿಟ್ಟು ಹೇಗೆ ಕೊಡುವುದು? ಬೀರೇಶನ ಕಡೆ ಇನ್ನೊಂದು ಡಬ್ಬಿ ತರಿಸಿದರು. ಹಿಟ್ಟಿನ ಪೊಟ್ಟಣ ಬಂದಾಗೆಲ್ಲ ಅದನ್ನು ಆಕಳ ಕಲಗಚ್ಚಿಗೆ ಸುರಿದು ಪುಡಿ ಕಲಸಿ ಕೊಟ್ಟರು. ಐವತ್ತಾರು ದಿನವೂ ಪುಡಿಯೇ.

ಮಾಮಾ ಬೈಯಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. ವಹಿ ಮುಚ್ಚಿ ಒಳಗೆ ಹೋಗಿ ಮಲಗಿಬಿಟ್ಟರು.

ಮರುದಿನ ಬೆಳಿಗ್ಗೆ ಫೋನು ಬಂತು. “ನಾಗೀ, ಖಾನಾಪುರಕ್ಕ ಹೋಗೂಣು ಬಾ. ಮನ್ಯಾಗ ಕುಂತ್ರ ನಿಮ್ಮತ್ತಿಗಿ ಏನರ ಅಂದೇನು.” ಅಂಗಡಿಗೆ ಬೀಗ ಹಾಕಿ ಹೊರಟೆ. ರೈಲಿನಲ್ಲಿ ಅವರು ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತರು. ದೇಸೂರ ದಾಟಿದ ಮೇಲೆ ಎರಡೂ ಕಡೆ ಭತ್ತ ತೆನೆ ಹಿಡಿಯುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವರ ಮುಖ ಸ್ವಲ್ಪ ಸಡಿಲಾಯಿತು. ಚೀಲದಿಂದ ವಹಿ ತೆಗೆದು, ಕೊನೆಯ ಪುಟದಲ್ಲಿ ಬಲಗೈಯಿಂದ ಬರೆದು ನನ್ನ ಕಡೆ ತಿರುಗಿಸಿದರು. ‘ಪ್ರಯೋಗ ರದ್ದು. ಕಾರಣ: ಹೆಂಡತಿಯ ಕರುಣೆ.’ ನಾವಿಬ್ಬರೂ ನಕ್ಕ ನಗುವಿಗೆ ಎದುರಿಗೆ ಕುಳಿತ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಭರಮವ್ವಳಿಗೆ ಈಗ ಎಂಬತ್ತರ ಹತ್ತಿರ. ಬದುವಿನ ಮೇಲೆ ಗೋಣಿಚೀಲ ಹಾಸಿ ಕುಳಿತು ಗಿಳಿ ಓಡಿಸುತ್ತಿದ್ದಳು. “ಯಾ ಯಾ, ಬರ್ರಿ ಗೂಟದ ಸಾಹೇಬ್ರ, ಕುಂದರ್ರಿ,” ಎಂದು ಮರಾಠಿ ಬೆರೆಸಿ ಕರೆದವಳ ಕಣ್ಣು ಸೀದಾ ಅವರ ಕೈಗೆ ಹೋಯಿತು. ಮಾಮಾ ತಾವಾಗಿಯೇ ಎಲ್ಲ ಹೇಳಿಕೊಂಡರು: ಲಿಂಗ ಬಿದ್ದದ್ದು, ಪುಡಿ, ಪೊಟ್ಟಣ, ಅತ್ತೆ ಮಾಡಿದ ಕೆಲಸ. ಕೇಳಿ ಆಕೆ ತೊಡೆ ತಟ್ಟಿಕೊಂಡು ನಕ್ಕಳು. “ನಿಮ್ಮ ಮನಿ ಅವ್ವನೂ ನನ್ನಂಥಾಕಿನ ನೋಡ್ರಿ!”

ಗದ್ದೆಯಲ್ಲಿ ಒಂದು ಕಡೆ ಹಾಸಿಗೆಯಷ್ಟು ಜಾಗದಲ್ಲಿ ಪೈರು ಉಳಿದದ್ದಕ್ಕಿಂತ ಗೇಣುದ್ದ ಎತ್ತರವಾಗಿ ಕಪ್ಪು ಹಸಿರಾಗಿ ನಿಂತಿತ್ತು. ಮಾಮಾನ ಕಣ್ಣು ಅಲ್ಲೇ ನಿಂತಿತು. “ಅಲ್ಲೇನ ಹಾಕಿರಿ ಭರಮವ್ವ?”

“ಎಲ್ಲಾ ಕಡಿಗೂ ಒಂದ ಗೊಬ್ಬರ ಸಾಹೇಬ್ರ. ಅಲ್ಲೆ ನಮ್ಮ ಅತ್ತಿ ಕಾಲದಾಗ ತಿಪ್ಪಿ ಇತ್ತು. ಅದು ನಿಮಗ ಗೊತ್ತಿಲ್ಲೇನ?”

ಮಾಮಾ ಎದ್ದು ನಿಂತರು. ನಿಂತಲ್ಲೇ ಚೀಲಕ್ಕೆ ಕೈ ಹಾಕಿ ವಹಿ ಎಳೆದರು. “ನಾಗೀ, ಎಲ್ಲಾ ಕಡಿಗೂ ಒಂದ ಗೊಬ್ಬರ ಹಾಕಿ, ಒಂದ ಕಡಿಗಿ ಮಾತ್ರ ಬೆಳಿ ಎದ್ದೈತಿ ಅಂದ್ರ ಗೊಬ್ಬರ ನೋಡಬಾರದು, ನೆಲಾ ನೋಡಬೇಕು. ಐವತ್ತಾರ ದಿನಾನೂ ಪುಡಿನ ತಗೊಂಡೇನಿ. ಐದು, ಆರು ಚೆಲ್ಲಿದ ದಿನಾ ಯಾವು? ಓದು.”

ಓದಿದೆ. ಎರಡನೇ ದಿನ. ಒಂಬತ್ತು. ಹದಿನಾರು. ಇಪ್ಪತ್ತಮೂರು. ಮೂವತ್ತು. ನನ್ನ ದನಿ ತಾನೇ ನಿಧಾನವಾಯಿತು. ಮೂವತ್ತೇಳು. ಏಳು ದಿನಕ್ಕೊಂದು. ಎಣಿಸಿದರೆ ಒಟ್ಟು ಎಂಟು ದಿನ. ಬೆರಳು ಮಡಚಿ ವಾರ ಹಿಡಿದೆ. ಎಂಟೂ ಸೋಮವಾರ.

ಸೋಮವಾರ ಮಾಮಾ ಒಪ್ಪತ್ತು. ಬೆಳಿಗ್ಗೆ ತಾಟಿಲ್ಲ, ರೊಟ್ಟಿ ಇಲ್ಲ, ಕಾಳಿಲ್ಲ, ಹಾಲಿಲ್ಲ. ಪೂಜೆ ಮುಗಿಸಿ ಬರೀ ನೀರಿನಲ್ಲಿ ಗುಳಿಗೆ ನುಂಗಿ, ಸಂಜೆ ಒಂದೇ ಊಟ.

ಇದು ನನಗೆ ಗೊತ್ತಿದ್ದ ವಿಷಯ. ಹಾಲು, ಬೇಳೆಕಾಳಿನ ಜೊತೆ ತಗೊಂಡರೆ ಆ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೂರು ವರ್ಷದ ಹಿಂದೆ ನಾನೇ ಪೊಟ್ಟಣದ ಮೇಲೆ ‘ಊಟಕ್ಕೆ ಅರ್ಧ ತಾಸು ಮೊದಲು’ ಎಂದು ಬರೆದುಕೊಟ್ಟಿದ್ದೆ. ಬರೆದರೆ ಮುಗಿಯಿತೇ? ಪೂಜೆಗೆ ಮೊದಲು ನೀರೂ ಮುಟ್ಟದ ಮನುಷ್ಯ, ಪೂಜೆ ಮುಗಿದ ಕೂಡಲೇ ತಾಟು ತಂದಿಡುವ ಹೆಂಡತಿ, ಇವರಿಬ್ಬರ ನಡುವೆ ಆ ಅರ್ಧ ತಾಸು ಎಲ್ಲಿಂದ ಬರಬೇಕು? ಒಂದು ದಿನವಾದರೂ ಕೇಳಲಿಲ್ಲ ನಾನು. ಮಂದಿಯ ಡಬ್ಬಿಯ ಮೇಲೆ ಕೂಗಾಡಿದೆ, ನನ್ನ ಗುಳಿಗೆ ಹೇಗೆ ಹೊಟ್ಟೆಗೆ ಹೋಗುತ್ತಿದೆ ಎಂದು ನೋಡಲಿಲ್ಲ. ಅಲ್ಲೇ ಬದುವಿನ ಮೇಲೆ ಮಾಮಾನಿಗೆ ಇದನ್ನೆಲ್ಲ ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ನಡುಗುವ ಕೈಯನ್ನೇ.

“ಪುಡಿ ಕೆಟ್ಟದ್ದೋ ಚಲೋದೋ ಈ ಲೆಕ್ಕ ಹೇಳೂದಿಲ್ಲ ನಾಗೀ,” ಎಂದರು ವಾಪಸು ಬರುವಾಗ. “ಒಂದ ಮಾತ ಹೇಳತೈತಿ. ಚಲೋ ದಿನಾ ಬಂದಾಗೆಲ್ಲಾ ನಾ ಪುಡಿಗಿ ಕೈ ಮುಗದೆ. ಅದು ಸುಳ್ಳಾತು.”

ಅದೇ ವಾರ ಡಾಕ್ಟರ ಹತ್ತಿರ ಹೋದೆವು. ಅವರು ವಹಿಯ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಸೋಮವಾರದ ಮಾತು ಸರಿ ಎಂದರು. ಗುಳಿಗೆ ಬೆಳಿಗ್ಗೆ ಐದೂವರೆಗೆ ಬರೀ ನೀರಿನಲ್ಲಿ ತಗೊಳ್ಳಿರಿ, ಆರೂಕಾಲಿಗೆ ಪೂಜೆಗೆ ಕುಳಿತರೆ ಕೈ ಹಿಡಿತದಲ್ಲಿ ಇರಬಹುದು, ತಾಟು ಏಳರ ಮೇಲೆ ಎಂದರು. ಮಾಮಾ ಕೇಳಿದರು, “ರೋಗಾನ ನಿಲ್ಲಸೂದು ಏನರ ಬಂದೈತೇನ್ರಿ?” ಇನ್ನೂ ಇಲ್ಲ ಎಂದರು ಡಾಕ್ಟರು. ಸಕ್ಕರೆ ಕಾಯಿಲೆಯ ಒಂದು ಇಂಜೆಕ್ಷನ್ ಸಣ್ಣ ಪ್ರಯೋಗದಲ್ಲಿ ಆಸೆ ಹುಟ್ಟಿಸಿತ್ತು, ಹೆಚ್ಚು ಮಂದಿಯ ಮೇಲೆ ಎರಡು ವರ್ಷ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ, ಬೇರೆ ಪ್ರಯೋಗಗಳು ನಡೆದಿವೆ. “ಗದ್ದಿ ದೊಡ್ಡದ ಆದಮ್ಯಾಲ ಖರೇ ತಿಳೀತು,” ಎಂದು ಮಾಮಾ ತಲೆಯಾಡಿಸಿದರು. ಆ ಸುದ್ದಿಯಿಂದ ಅವರು ಕುಗ್ಗಲಿಲ್ಲ. ಕುಗ್ಗಿದ್ದು ಐದೂವರೆಯ ಮಾತಿಗೆ.

“ಲಿಂಗಕ್ಕ ಅರ್ಪಿಸದ ಅರವತ್ತ ವರ್ಷ ಬಾಯಾಗ ಏನೂ ಹಾಕಿಲ್ಲ,” ಎಂದರು ಮನೆಗೆ ಬಂದು. “ಗುಳಿಗಿ ತಗೊಂಡ್ರ ಕೈ ನಿಲ್ಲತೈತಿ. ಕೈ ನಿಂತ್ರ ಲಿಂಗಾ ಹಿಡೀಬಹುದು. ಲಿಂಗಾ ಹಿಡದ ಮ್ಯಾಲ ಗುಳಿಗಿ ತಗೋಬೇಕು. ಹೆಂಗ ಮಾಡಲಿ ಹೇಳು?” ಔಷಧಕ್ಕೆ ದೋಷವಿಲ್ಲ ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ರವಿವಾರದಿಂದ ಗಂಡನೆದುರು ತಲೆ ಎತ್ತದೆ ಓಡಾಡುತ್ತಿದ್ದ ಅತ್ತೆ ಒಳಗಿನಿಂದ ಬಂದರು. “ನೀವು ಹಿಡೀಲಿಲ್ಲಂದ್ರ ಲಿಂಗಾ ಇಲ್ಲೇನು? ಹಗಲಿ ರಾತ್ರಿ ಎದಿ ಮ್ಯಾಲ ಕುಂತೈತಲ್ಲ, ಅದಕ್ಕ ಕೈ ಬೇಕಂತೇನು? ಅಲ್ಲೇ ಅರ್ಪಿಸ್ರಿ, ಅಲ್ಲೇ ತಗೋರಿ. ನಂದೂ ಒಂದು ಲಿಂಗ ಐತಿ, ನನಗೂ ತಿಳೀತೈತಿ.” ಹೇಳಿ ಒಳಗೆ ಹೋಗಿಬಿಟ್ಟರು. ಮಾಮಾ ಬಾಗಿಲನ್ನೇ ನೋಡುತ್ತ ಕುಳಿತರು.

ಮರುದಿನ ಐದೂವರೆಗೆ ನಾನು ಅಲ್ಲಿದ್ದೆ. ಅತ್ತೆ ಜಳಕ ಮಾಡಿ, ತಮ್ಮ ಪೂಜೆ ಮುಗಿಸಿದ್ದರು. ಗುಳಿಗೆಯನ್ನು ಮಾಮಾನ ಎದೆಯ ಮೇಲಿನ ಕರಡಿಗೆಗೆ ಮುಟ್ಟಿಸಿ, ಒಂದು ಗಳಿಗೆ ಹಾಗೇ ಹಿಡಿದು, ಅವರ ಬಾಯಿಗೆ ಹಾಕಿ ನೀರು ಕುಡಿಸಿದರು. ಮಾಮಾ ಕಣ್ಣು ಮುಚ್ಚಿಕೊಂಡೇ ನುಂಗಿದರು. ಕೆನ್ನೆಯ ಮೇಲೆ ನೀರು ಇಳಿಯಿತು.

ಆರೂಕಾಲಿಗೆ ಕುಳಿತರು. ಮಣೆಯನ್ನು ಅತ್ತೆ ಆಗಲೇ ಗೋಡೆಗೆ ಸರಿಸಿಟ್ಟಿದ್ದರು. ಮಾಮಾ ಕರಡಿಗೆ ಬಿಚ್ಚಿದರು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟರು. ಕೈ ನಡುಗಿತು. ಸುಳ್ಳು ಏ‍ಕೆ ಹೇಳಲಿ, ನಡುಗಿತು, ಆದರೆ ಸೋಮವಾರದಷ್ಟೇ. ಆಗ ಅತ್ತೆ ಮೆಲ್ಲನೆ ಬಂದು ಎದುರಿಗೆ ಕುಳಿತು, ಅವರ ಕೈಯ ಕೆಳಗೆ, ನಾಲ್ಕು ಬೆರಳಿನ ಅಂತರದಲ್ಲಿ, ತಮ್ಮ ಅಂಗೈ ಚಾಚಿದರು. ಮುಟ್ಟಲಿಲ್ಲ.

ಮಾಮಾ ಲಿಂಗದಿಂದ ಕಣ್ಣು ತೆಗೆಯದೆ ಹೇಳಿದರು, “ಕೈ ತಗಿ ಶಿವಲಿಂಗೀ. ಪರೀಕ್ಷೆ ಕೆಡತೈತಿ.”

“ಕೆಡ್ಲಿ ಬಿಡ್ರಿ,” ಎಂದರು ಅತ್ತೆ. ಕೈ ತೆಗೆಯಲಿಲ್ಲ.